ಮೇಜಿನ ಸುತ್ತ ಕೂತವರು ಯಾರು? 'ಸೆಕ್ಸ್ ಅಂಡ್ ದಿ ಸಿಟಿ': ಪುಸ್ತಕ ಒಂದು, ಧಾರಾವಾಹಿ ಇನ್ನೊಂದು

ನಾನು ಮೊದಲು ನೋಡಿದ್ದು ಧಾರಾವಾಹಿ, ನ್ಯೂಯಾರ್ಕಿನ ನಾಲ್ವರು ಗೆಳತಿಯರ ಬದುಕು, ಪ್ರೇಮಗಳ ಅಮೆರಿಕನ್ ಧಾರಾವಾಹಿ 'ಸೆಕ್ಸ್ ಅಂಡ್ ದಿ ಸಿಟಿ'. ಪುಸ್ತಕ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ. ಆ ನಾಲ್ವರು ಗೆಳತಿಯರ ಮನೆಗೆ ಇನ್ನೊಮ್ಮೆ ಹೋಗಿ ಬರುತ್ತೇನೆ ಅನ್ನುವ ಖುಷಿಯಲ್ಲಿ ಓದಲು ಕೂತೆ. ಹತ್ತು ಪುಟ ಆಯಿತು, ಐವತ್ತು ಪುಟ ಆಯಿತು. ಗೆಳತಿಯರು ಬರಲೇ ಇಲ್ಲ.

ಹೆಸರುಗಳು ಮಾತ್ರ ಬಂದವು. ಷಾರ್ಲೆಟ್ ಅಂತ ಒಬ್ಬಳಿದ್ದಾಳೆ, ಆದರೆ ಅವಳು ಇಂಗ್ಲೆಂಡಿನಿಂದ ಬಂದ ಪತ್ರಕರ್ತೆ. ಸಮಾಂಥಾ ಇದ್ದಾಳೆ, ಸಿನಿಮಾ ನಿರ್ಮಾಪಕಿ. ಮಿರಾಂಡಾ ಕೇಬಲ್ ಟಿವಿ ಕಂಪನಿಯೊಂದರ ಅಧಿಕಾರಿ. ಟಿವಿಯಲ್ಲಿ ಇದೇ ಹೆಸರಿನ ಮೂವರು ಬೇರೆಯೇ ಜನ: ಷಾರ್ಲೆಟ್ ಚಿತ್ರಕಲಾ ಗ್ಯಾಲರಿ ನೋಡಿಕೊಳ್ಳುವವಳು, ಸಮಾಂಥಾ ಸಾರ್ವಜನಿಕ ಸಂಪರ್ಕದ ಕಂಪನಿ ನಡೆಸುವವಳು, ಮಿರಾಂಡಾ ವಕೀಲೆ. ಕೆಲಸ ಬೇರೆಯಾದರೆ ಏನಂತೆ, ಅನ್ನಬಹುದು. ದೊಡ್ಡ ವ್ಯತ್ಯಾಸ ಅದಲ್ಲ. ಪುಸ್ತಕದಲ್ಲಿ 'ನಾಲ್ವರು' ಅನ್ನುವ ಗುಂಪೇ ಇಲ್ಲ. ವಾರಕ್ಕೊಮ್ಮೆ ಒಟ್ಟಿಗೆ ತಿಂಡಿಗೆ ಕೂರುವ ಆ ಮೇಜು ಇಲ್ಲ. ಜಗತ್ತಿನಾದ್ಯಂತ ಜನ ಯಾವುದಕ್ಕಾಗಿ ಈ ಕಥೆಯನ್ನು ಪ್ರೀತಿಸಿದರೋ ಅದೇ ಮೂಲದಲ್ಲಿಲ್ಲ.

ಅಂದು ನನಗೆ ನಿರಾಸೆಯಾಯಿತು. ಈಗ ಎರಡನ್ನೂ ಹಲವು ಸಲ ಓದಿ, ನೋಡಿದ ಮೇಲೆ ನಿರಾಸೆ ಹೋಗಿದೆ, ಕುತೂಹಲ ಜಾಸ್ತಿಯಾಗಿದೆ. ಒಂದೇ ಹೆಸರು, ಒಂದೇ ಊರು, ಒಂದೇ ಕಾಲ. ಆದರೂ ಎರಡು ಬೇರೆ ಬೇರೆ ಮಾತು ಹೇಳುವ ಕೃತಿಗಳು. ಇದು ಹೇಗಾಯಿತು? "ಟಿವಿಯವರು ಎಲ್ಲವನ್ನೂ ಸಿಹಿ ಮಾಡಿಬಿಡುತ್ತಾರೆ" ಅನ್ನುವುದು ಸುಲಭದ ಉತ್ತರ. ಅದರಲ್ಲಿ ಸ್ವಲ್ಪ ನಿಜ ಇದೆ, ಆದರೆ ಸಾಲದು. ನನ್ನ ಪ್ರಕಾರ ಉತ್ತರ ಇರುವುದು ಪತ್ರಿಕೆಯ ಅಂಕಣ ಅಂದರೆ ಏನು, ಟಿವಿ ಧಾರಾವಾಹಿ ಅಂದರೆ ಏನು ಅನ್ನುವುದರಲ್ಲೇ.

ಮೊದಲು ಅಂಕಣ

ಪುಸ್ತಕದ ಲೇಖಕಿ ಕ್ಯಾಂಡೇಸ್ ಬುಶ್ನೆಲ್ ಬರೆದದ್ದು ಕಾದಂಬರಿಯಲ್ಲ. 'ದಿ ನ್ಯೂಯಾರ್ಕ್ ಅಬ್ಸರ್ವರ್' ಅಂತ ಒಂದು ವಾರಪತ್ರಿಕೆ ಇತ್ತು. ಗುಲಾಬಿ ಬಣ್ಣಕ್ಕೆ ಹತ್ತಿರದ ಕಾಗದದಲ್ಲಿ ಅಚ್ಚಾಗುತ್ತಿತ್ತು. ಓದುಗರು ಕಡಿಮೆ, ಆದರೆ ನ್ಯೂಯಾರ್ಕಿನ ನಡುಭಾಗವಾದ ಮ್ಯಾನ್‌ಹ್ಯಾಟನ್‌ನ ಹಣವಂತರು, ಪತ್ರಿಕೆ ಮತ್ತು ಪ್ರಕಾಶನದವರು, ರಿಯಲ್ ಎಸ್ಟೇಟಿನವರು ಅದನ್ನು ಓದುತ್ತಿದ್ದರು. ಬುಶ್ನೆಲ್ ಅದರಲ್ಲಿ 1994ರ ನವೆಂಬರಿನಲ್ಲಿ ಅಂಕಣ ಶುರು ಮಾಡಿದರು. ಆ ಅಂಕಣಗಳನ್ನೇ ಸೇರಿಸಿ 1996ರಲ್ಲಿ ಪುಸ್ತಕ ಬಂತು. ಇನ್ನೂರು ಚಿಲ್ಲರೆ ಪುಟದ ಪುಸ್ತಕ.

ಇದನ್ನು ನೆನಪಿಟ್ಟುಕೊಂಡರೆ ಪುಸ್ತಕದ ವಿಚಿತ್ರಗಳೆಲ್ಲ ಅರ್ಥವಾಗುತ್ತವೆ. ಅಂಕಣಗಾರ್ತಿಗೆ ಪ್ರತಿ ವಾರ ಹೊಸ ಸರಕು ಬೇಕು. ಒಂದು ವಾರ ರೂಪದರ್ಶಿಯರ ಹಿಂದೆಯೇ ಬೀಳುವ ಗಂಡಸರು. ಇನ್ನೊಂದು ವಾರ ಊರೂರು ಸುತ್ತುತ್ತಾ ಶ್ರೀಮಂತರ ಖರ್ಚಿನಲ್ಲಿ ಬದುಕುವ ಹೆಂಗಸರು. ಮತ್ತೊಂದು ವಾರ, ಸೂಟು ತೊಟ್ಟುಕೊಂಡು ಸೈಕಲ್ಲಿನಲ್ಲೇ ಓಡಾಡುವ ಬರಹಗಾರರು. ಪ್ರತಿ ಗುಂಪಿಗೂ ಅವರು ಒಂದೊಂದು ಹೆಸರಿಡುತ್ತಾರೆ, ಹಕ್ಕಿ ನೋಡುವವರು ಜಾತಿವಾರು ಟಿಪ್ಪಣಿ ಬರೆದುಕೊಂಡ ಹಾಗೆ. ಬರೆಯುವವರು ಒಂದು ಮೂಲೆಯಲ್ಲಿ ನಿಂತಿರುತ್ತಾರೆ. ನೋಡುತ್ತಾರೆ, ಕೇಳಿಸಿಕೊಳ್ಳುತ್ತಾರೆ, ಹೊರಟು ಹೋಗುತ್ತಾರೆ. ಮುಂದಿನ ವಾರ ಬೇರೆ ಜನ.

ಹಾಗಾಗಿ ಪುಸ್ತಕಕ್ಕೆ ನಾಯಕಿಯೂ ಗಟ್ಟಿಯಾಗಿಲ್ಲ. ಶುರುವಿನಲ್ಲಿ 'ನಾನು' ಅಂತ ಒಬ್ಬರು ಮಾತಾಡುತ್ತಾರೆ. ಸ್ವಲ್ಪ ದೂರ ಹೋದ ಮೇಲೆ ಆ ನಾನು ಮಸುಕಾಗಿ, ಅವಳ ಗೆಳತಿ ಕ್ಯಾರಿ ಬ್ರ್ಯಾಡ್‌ಶಾ ಮುಂದೆ ಬರುತ್ತಾಳೆ. ಕ್ಯಾಂಡೇಸ್ ಬುಶ್ನೆಲ್, ಕ್ಯಾರಿ ಬ್ರ್ಯಾಡ್‌ಶಾ: ಎರಡರ ಮೊದಲಕ್ಷರಗಳೂ ಒಂದೇ. ತನ್ನ ಬದುಕಿನ ಸಂಗತಿಗಳನ್ನು ಅಪ್ಪ ಅಮ್ಮ ಓದಿ ಗುರುತು ಹಿಡಿಯಬಾರದು ಅಂತ ಈ ಪಾತ್ರ ಕಟ್ಟಿದೆ ಅಂತ ಬುಶ್ನೆಲ್ ಆಮೇಲೆ ಹೇಳಿಕೊಂಡಿದ್ದಾರೆ. ಎಷ್ಟು ಸಹಜವಾದ ಕಾರಣ, ಅಲ್ವಾ? ಟಿವಿ ಇತಿಹಾಸದ ಅತಿ ಹೆಸರುವಾಸಿ ಪಾತ್ರಗಳಲ್ಲಿ ಒಂದು ಹುಟ್ಟಿದ್ದು ಮನೆಯವರಿಂದ ಮುಖ ಮರೆಸಿಕೊಳ್ಳಲು.

ಪುಸ್ತಕದ ದನಿ ತಣ್ಣಗಿದೆ. ಮೊದಲ ಅಧ್ಯಾಯದಲ್ಲೇ ಬುಶ್ನೆಲ್ ಈಡಿತ್ ವಾರ್ಟನ್‌ರನ್ನು ನೆನೆಯುತ್ತಾರೆ. 1920ರಲ್ಲಿ ಬಂದ 'ದಿ ಏಜ್ ಆಫ್ ಇನ್ನೊಸೆನ್ಸ್' ಕಾದಂಬರಿಯಲ್ಲಿ ವಾರ್ಟನ್ ಹಳೆಯ ನ್ಯೂಯಾರ್ಕಿನ ಸಿರಿವಂತರ ಮದುವೆ, ಪ್ರೇಮ, ಮರ್ಯಾದೆಗಳನ್ನು ಬಿಡಿಸಿ ನೋಡಿದ್ದರು. ಆ ದೀಪಗಳು ಈಗಲೂ ಉರಿಯುತ್ತಿವೆ, ಆದರೆ ರಂಗದ ಮೇಲೆ ಯಾರೂ ಇಲ್ಲ ಅನ್ನುತ್ತಾರೆ ಬುಶ್ನೆಲ್. ಇದು ಮುಗ್ಧತೆ ಮುಗಿದ ಕಾಲ. ಈ ಒಂದು ಹೋಲಿಕೆಯೇ ಅವರ ಉದ್ದೇಶ ತೋರಿಸುತ್ತದೆ. ಒಬ್ಬ ಹೆಣ್ಣಿನ ಪ್ರೇಮಕಥೆ ಹೇಳುವುದು ಅವರಿಗೆ ಬೇಕಿರಲಿಲ್ಲ. ಒಂದು ಸಮಾಜದ ನಡವಳಿಕೆಯನ್ನು ದಾಖಲಿಸುವುದು ಬೇಕಿತ್ತು. ಯಾರ ಹತ್ತಿರ ಹಣ, ಯಾರಿಗೆ ಯಾವ ಪಾರ್ಟಿಗೆ ಕರೆ, ಯಾರು ಯಾರನ್ನು ಕೈಬಿಡಬಹುದು, ಬಿಟ್ಟರೆ ಯಾರಿಗೆ ನಷ್ಟ. ಪ್ರೀತಿ ಅಲ್ಲಿ ಒಂದು ಪೇಟೆ. ಮಾರುವವರೂ ಕೊಳ್ಳುವವರೂ ಸದಾ ಇನ್ನೂ ಒಳ್ಳೆಯ ಬೆಲೆಗೆ ಕಾಯುತ್ತಿರುತ್ತಾರೆ.

ಏಳು ಹೆಂಗಸರು, ಒಬ್ಬ ಗಂಡಸು

ಪುಸ್ತಕದಲ್ಲೂ ಹೆಂಗಸರು ಒಟ್ಟಿಗೆ ಕೂರುವ ಒಂದು ದೃಶ್ಯ ಇದೆ. ಇಡೀ ವ್ಯತ್ಯಾಸ ನನಗೆ ಹೊಳೆದದ್ದು ಅದನ್ನು ಎರಡನೇ ಸಲ ಓದಿದಾಗ.

ಒಂದು ಮಧ್ಯಾಹ್ನ ಏಳು ಜನ ಹೆಂಗಸರು ಸೇರುತ್ತಾರೆ. ವೈನ್, ಚೀಸ್, ಸಿಗರೇಟು. ಅವರೆಲ್ಲರಿಗೂ ಸಮಾನವಾದದ್ದು ಒಂದೇ: ಒಬ್ಬ ಗಂಡಸು. ಲೇಖಕಿ ಅವನನ್ನು ಟಾಮ್ ಪೆರಿ ಅಂತ ಕರೆಯುತ್ತಾರೆ. ಏಳೂ ಜನರ ಜೊತೆ ಬೇರೆ ಬೇರೆ ಸಮಯದಲ್ಲಿ ಅವನು ಓಡಾಡಿದ್ದಾನೆ. ಒಬ್ಬೊಬ್ಬರೂ ತಮ್ಮ ಅನುಭವ ಹೇಳುತ್ತಾ ಹೋಗುತ್ತಾರೆ, ಒಂದಕ್ಕೊಂದು ತಾಳೆ ನೋಡುತ್ತಾರೆ. ಇದು ಸಾಕ್ಷಿ ಹೇಳಿಕೆ ತೆಗೆದುಕೊಂಡ ಹಾಗಿದೆ. ಏಳು ಜನ ಸೇರಿಯೂ ಅಲ್ಲಿ ಗೆಳೆತನ ಹುಟ್ಟುವುದಿಲ್ಲ. ಮೇಜಿನ ನಡುವೆ ಆ ಗಂಡಸಿನ ಖಾಲಿ ಕುರ್ಚಿ ಇದೆ. ಎಲ್ಲರೂ ಅದರ ಕಡೆಗೇ ಮುಖ ಮಾಡಿ ಕೂತಿದ್ದಾರೆ.

ಈಗ ಟಿವಿಯ ಮೇಜು ನೆನಪಿಸಿಕೊಳ್ಳಿ. ಕಾಫಿ ಅಂಗಡಿ, ನಾಲ್ಕು ಜನ, ಬೆಳಗಿನ ತಿಂಡಿ. ಮಾತು ಅಲ್ಲೂ ಗಂಡಸರ ಬಗ್ಗೆಯೇ. ಆದರೆ ಗಂಡಸರು ಬರುತ್ತಾರೆ, ಹೋಗುತ್ತಾರೆ. ಮೇಜು ಉಳಿಯುತ್ತದೆ. ಮುಂದಿನ ವಾರ ಅದೇ ನಾಲ್ಕು ಮುಖ. ಅವರು ಪರಸ್ಪರ ಮುಖ ನೋಡಿಕೊಂಡು ಕೂತಿದ್ದಾರೆ.

ಈ ಬದಲಾವಣೆ ಮಾಡಿದ್ದು ಡ್ಯಾರನ್ ಸ್ಟಾರ್. 'ಬೆವರ್ಲಿ ಹಿಲ್ಸ್ 90210' ಮತ್ತು 'ಮೆಲ್‌ರೋಸ್ ಪ್ಲೇಸ್' ಧಾರಾವಾಹಿಗಳನ್ನು ರೂಪಿಸಿದವರು. ವಾರವಾರವೂ ಪ್ರೇಕ್ಷಕರನ್ನು ಟಿವಿ ಮುಂದೆ ಕೂರಿಸುವುದು ಹೇಗೆ ಅಂತ ಚೆನ್ನಾಗಿ ಗೊತ್ತಿದ್ದವರು. ಓದುಗ ಅಂಕಣಕ್ಕೆ ಮರಳಿ ಬರುವುದು ಬರೆಯುವವರ ದನಿಗಾಗಿ. ವಿಷಯ ಯಾರದ್ದಾದರೂ ಸರಿ, ದನಿ ಅದೇ ಇದ್ದರೆ ಸಾಕು. ಧಾರಾವಾಹಿಗೆ ಪ್ರೇಕ್ಷಕ ಮರಳುವುದು ಮನುಷ್ಯರಿಗಾಗಿ. ಪ್ರತಿ ವಾರ ಹೊಸಬರನ್ನು ತಂದು ನಿಲ್ಲಿಸಿದರೆ ಮೂರನೇ ವಾರಕ್ಕೆ ಜನ ಎದ್ದು ಹೋಗುತ್ತಾರೆ. ಅದಕ್ಕೇ ಪುಸ್ತಕದ ತುಂಬ ಚದುರಿದ್ದ ಹತ್ತಾರು ಹೆಂಗಸರ ಅನುಭವಗಳನ್ನು ಒಟ್ಟುಗೂಡಿಸಿ ನಾಲ್ಕು ಪಾತ್ರಗಳಿಗೆ ಹಂಚಿದರು. ಕ್ಯಾರಿಗೆ ಪ್ರಶ್ನೆ ಕೇಳುವ ಕೆಲಸ. ಸಮಾಂಥಾಗೆ ಹಂಗಿಲ್ಲದ ಸುಖ. ಷಾರ್ಲೆಟ್‌ಗೆ ಮದುವೆಯ ಕನಸು. ಮಿರಾಂಡಾಗೆ ಅನುಮಾನ ಮತ್ತು ಸಿಟ್ಟು. ಸಾರಾ ಜೆಸ್ಸಿಕಾ ಪಾರ್ಕರ್, ಕಿಮ್ ಕಟ್ರಾಲ್, ಕ್ರಿಸ್ಟಿನ್ ಡೇವಿಸ್, ಸಿಂಥಿಯಾ ನಿಕ್ಸನ್ ಈ ನಾಲ್ವರಾದರು. ಯಾವ ವಿಷಯ ಎತ್ತಿಕೊಂಡರೂ ಮೇಜಿನ ಮೇಲೆ ನಾಲ್ಕು ಅಭಿಪ್ರಾಯ ಸಿದ್ಧ. ಬರಿಯ ಲೆಕ್ಕಾಚಾರದಿಂದ ಶುರುವಾದ ಈ ಏರ್ಪಾಡು ನಿಧಾನಕ್ಕೆ ಜೀವ ತಳೆಯಿತು. ಒಬ್ಬ ನಟಿ ಇನ್ನೊಬ್ಬಳ ಮಾತು ಕೇಳುವಾಗಿನ ಮುಖ ನೋಡಿದರೆ ಸಾಕು, ಇವರು ತುಂಬಾ ದಿನದ ಗೆಳತಿಯರು ಅಂತ ಅನ್ನಿಸಿಬಿಡುತ್ತದೆ. ಅದನ್ನು ಕಾಗದದ ಮೇಲೆ ತರುವುದು ಕಷ್ಟ.

ಮೊದಲ ಕಂತು 1998ರ ಜೂನ್ 6ರಂದು ಎಚ್‌ಬಿಓದಲ್ಲಿ ಬಂತು. ಕೊನೆಯದು 2004ರ ಫೆಬ್ರವರಿ 22ರಂದು. ಆರು ಸೀಸನ್, 94 ಕಂತು. ಎಚ್‌ಬಿಓ ಚಂದಾ ಹಣದ ಮೇಲೆ ನಡೆಯುವ ವಾಹಿನಿ, ಮಧ್ಯೆ ಜಾಹೀರಾತು ಇಲ್ಲ. ಸೋಪು, ಕಾರು ಮಾರುವವರು ಮುಜುಗರಪಟ್ಟಾರು ಅನ್ನುವ ಭಯ ಅದಕ್ಕಿರಲಿಲ್ಲ. ಹಾಗಾಗಿ ಹೆಂಗಸರು ಗೆಳತಿಯರ ಜೊತೆ ಮಾತಾಡುವ ಹಾಗೇ ಟಿವಿಯಲ್ಲೂ ಮಾತಾಡಲು ಆಯಿತು.

ಮೊದಲ ಸೀಸನ್: ಪುಸ್ತಕ ಇನ್ನೂ ಪಕ್ಕದಲ್ಲಿದೆ

ಎರಡನ್ನೂ ಹೋಲಿಸಲು ಇಷ್ಟ ಇರುವವರು ಮೊದಲ ಸೀಸನ್ನಿನ 12 ಕಂತುಗಳನ್ನು ಗಮನವಿಟ್ಟು ನೋಡಬೇಕು. ಪುಸ್ತಕದಿಂದ ಹೆಚ್ಚಿನ ಸಾಮಗ್ರಿ ಬಂದಿರುವುದು ಅಲ್ಲೇ.

ಮೊದಲ ಕಂತು ಶುರುವಾಗುವುದು ಪುಸ್ತಕದ ಮೊದಲ ಕಥೆಯಿಂದಲೇ. ಇಂಗ್ಲೆಂಡಿನ ಪತ್ರಕರ್ತೆಯೊಬ್ಬಳು ನ್ಯೂಯಾರ್ಕಿಗೆ ಬರುತ್ತಾಳೆ. ಬ್ಯಾಂಕಿಂಗ್‌ನಲ್ಲಿ ಇರುವ ಒಬ್ಬ ಗಂಡಸು ಇಷ್ಟವಾಗುತ್ತಾನೆ. ಇಬ್ಬರೂ ಮನೆ ನೋಡಲು ಹೋಗುತ್ತಾರೆ. ಅಪ್ಪ ಅಮ್ಮನ ಭೇಟಿಯ ಮಾತಾಗುತ್ತದೆ. ಆಮೇಲೆ ಅವನ ಫೋನೇ ಇಲ್ಲ. ಪುಸ್ತಕದಲ್ಲಿ ಇವಳ ಹೆಸರು ಷಾರ್ಲೆಟ್. ಟಿವಿಯಲ್ಲಿ ಇವಳು ಎಲಿಜಬೆತ್. ಷಾರ್ಲೆಟ್ ಅನ್ನುವ ಹೆಸರು ಆಗಲೇ ನಾಲ್ವರಲ್ಲಿ ಒಬ್ಬಳ ಪಾಲಾಗಿತ್ತು. ಕಥೆ ಉಳಿಯಿತು, ಹೆಸರು ಬೇರೆ ಮನೆಗೆ ಹೋಯಿತು.

ಎರಡನೇ ಕಂತಿನಲ್ಲಿ ರೂಪದರ್ಶಿಯರ ಹಿಂದೆ ಬೀಳುವ ಗಂಡಸರ ವಿಷಯ. ಪುಸ್ತಕದ ಅಧ್ಯಾಯದಲ್ಲಿ ಮಾತೆಲ್ಲ ಗಂಡಸರದ್ದೇ. ತಮ್ಮ ಹುಡುಕಾಟ, ಹೆಮ್ಮೆ, ಖಾಲಿತನ ಎಲ್ಲವನ್ನೂ ಅವರೇ ಹೇಳುತ್ತಾರೆ, ಲೇಖಕಿ ಬರೆದುಕೊಳ್ಳುತ್ತಾರೆ. ಟಿವಿ ಕೂಡ ಅಂಥ ಒಬ್ಬಿಬ್ಬರನ್ನು ತೋರಿಸುತ್ತದೆ. ಆದರೆ ಈ ಕಂತಿನ ಹೃದಯ ಬೇರೆ ಕಡೆ ಇದೆ. ತಾನು ಜೊತೆಗೆ ಓಡಾಡುತ್ತಿರುವವನು ಇಂಥವನೇ ಅಂತ ಮಿರಾಂಡಾಗೆ ಗೊತ್ತಾಗುತ್ತದೆ. ಆಮೇಲೆ ಗೆಳತಿಯರು ಮನೆಯಲ್ಲಿ ಕೂತು, ತಮ್ಮ ಮೈಯಲ್ಲಿ ತಮಗೆ ಇಷ್ಟವಾಗದ್ದು ಯಾವುದು ಅಂತ ಒಬ್ಬೊಬ್ಬರೇ ಹೇಳಿಕೊಳ್ಳುತ್ತಾರೆ. ಒಬ್ಬಳಿಗೆ ತೊಡೆ, ಒಬ್ಬಳಿಗೆ ಗದ್ದ, ಒಬ್ಬಳಿಗೆ ಮೂಗು. ಸಮಾಂಥಾ ಮಾತ್ರ, ನನಗೆ ನಾನು ಹೇಗಿದ್ದೇನೋ ಹಾಗೇ ಇಷ್ಟ ಅನ್ನುತ್ತಾಳೆ. ಪುಸ್ತಕ ತೋರಿಸುವುದು ಬಾಣ ಬಿಡುವವರನ್ನು. ಟಿವಿ ತೋರಿಸುವುದು ಬಾಣ ತಾಗಿದವರನ್ನು.

ಹತ್ತನೇ ಕಂತು ನನಗೆ ಇನ್ನೂ ಇಷ್ಟ. ಪುಸ್ತಕದಲ್ಲಿ ಮ್ಯಾನ್‌ಹ್ಯಾಟನ್‌ನ ಕೆಲವು ಹೆಂಗಸರು, ಮದುವೆಯಾಗಿ ಪಕ್ಕದ ಕನೆಕ್ಟಿಕಟ್ ರಾಜ್ಯದಲ್ಲಿ ನೆಲೆಸಿದವರ ನಡುವೆ ಒಂದು ಸಮಾರಂಭಕ್ಕೆ ಹೋಗುವ ಅಧ್ಯಾಯ ಇದೆ. ಎರಡು ಬುಡಕಟ್ಟುಗಳು ಎದುರಾದ ಹಾಗೆ ಅದನ್ನು ಬರೆದಿದ್ದಾರೆ. ಒಂದು ಕಡೆ ದೊಡ್ಡ ಮನೆ, ಅಚ್ಚುಕಟ್ಟು ಸಂಸಾರ. ಇನ್ನೊಂದು ಕಡೆ ಕೆಲಸ, ಸಿಗರೇಟು, ಒಂಟಿತನ. ಯಾವ ಕಡೆಯವರಿಗೂ ತಮ್ಮ ಆಯ್ಕೆಯ ಬಗ್ಗೆ ಪೂರ್ತಿ ಧೈರ್ಯ ಇಲ್ಲ. ಟಿವಿ ಇದನ್ನೇ ಗೆಳತಿಯೊಬ್ಬಳ ಸೀಮಂತದಂಥ ಸಮಾರಂಭವಾಗಿ ಮಾಡಿಕೊಂಡು, ನಾಲ್ವರಿಗೂ ಒಂದೊಂದು ಎಳೆ ಕೊಟ್ಟಿತು. ಕ್ಯಾರಿಗೆ ಮುಟ್ಟು ತಡವಾಗಿದೆ, ಬಸುರಿಯಾಗಿರಬಹುದೇ ಅನ್ನುವ ಆತಂಕ. ಸಮಾಂಥಾ ಊರಿಗೆ ಮರಳಿ, ನನಗೆ ಮಗು ಇಲ್ಲ ಅಂತಲೇ ಒಂದು ಪಾರ್ಟಿ ಕೊಡುತ್ತಾಳೆ. ಷಾರ್ಲೆಟ್ ಚಿಕ್ಕಂದಿನಿಂದ ತನ್ನ ಮಗಳಿಗೆ ಅಂತ ಗುಟ್ಟಾಗಿ ಇಟ್ಟುಕೊಂಡಿದ್ದ ಹೆಸರು 'ಷೈಲಾ'. ಅದನ್ನೇ ಆ ಬಸುರಿ ಗೆಳತಿ ತನ್ನ ಮಗುವಿಗೆ ಇಡುತ್ತಿದ್ದಾಳೆ ಅಂತ ಅಲ್ಲಿ ಗೊತ್ತಾಗುತ್ತದೆ.

ಈ ಹೆಸರಿನ ಪ್ರಸಂಗ ನೋಡಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಮಗು ಇಲ್ಲ, ಗಂಡ ಇಲ್ಲ, ಬರಿಯ ಒಂದು ಹೆಸರು ಇತ್ತು. ಅದನ್ನೂ ಯಾರೋ ತೆಗೆದುಕೊಂಡರು. ಪುಸ್ತಕದ ಅಧ್ಯಾಯ ಒಂದು ಸಮಾಜದ ಬಿರುಕನ್ನು ತೋರಿಸುತ್ತದೆ, ಅದೂ ದೊಡ್ಡ ಕೆಲಸವೇ. ಆದರೆ ಆ ಬಿರುಕು ಒಬ್ಬಳ ಎದೆಯೊಳಗೆ ಹೇಗೆ ಹಾದುಹೋಗುತ್ತದೆ ಅಂತ ತೋರಿಸಲು ಅವಳನ್ನು ನಾವು ಒಂಬತ್ತು ವಾರದಿಂದ ಬಲ್ಲವರಾಗಿರಬೇಕು. ಅದು ಧಾರಾವಾಹಿಗೆ ಮಾತ್ರ ಸಾಧ್ಯ.

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಮೊದಮೊದಲ ಕಂತುಗಳಲ್ಲಿ ಕ್ಯಾರಿ ಕ್ಯಾಮೆರಾ ನೋಡಿ ನೇರವಾಗಿ ಮಾತಾಡುತ್ತಾಳೆ. ಬೀದಿಯಲ್ಲಿ ಹೋಗುವವರೂ ಕ್ಯಾಮೆರಾಗೆ ಅಭಿಪ್ರಾಯ ಹೇಳುತ್ತಾರೆ. ಇದು ಅಂಕಣದ ಕುರುಹು, ವರದಿಗಾರ್ತಿ ಹೇಳಿಕೆ ಸಂಗ್ರಹಿಸಿದ ಹಾಗೆ. ಕಂತುಗಳು ಮುಂದೆ ಹೋದಂತೆ ಅದು ಬಿಟ್ಟುಹೋಯಿತು. ಉಳಿದದ್ದು ಕ್ಯಾರಿಯ ಹಿನ್ನೆಲೆ ದನಿ, ಮತ್ತು ಲ್ಯಾಪ್‌ಟಾಪ್ ಮುಂದೆ ಅವಳು ಕೇಳಿಕೊಳ್ಳುವ ಆ ಒಂದು ಪ್ರಶ್ನೆ. ಪುಸ್ತಕದಲ್ಲಿ ಅಂಕಣ ಊರಿನ ಬಗ್ಗೆ ಹೇಳುತ್ತಿತ್ತು. ಟಿವಿಯಲ್ಲಿ ಅಂಕಣ ಕ್ಯಾರಿ ತನ್ನನ್ನೇ ಕೇಳಿಕೊಳ್ಳುವ ಪ್ರಶ್ನೆಯಾಯಿತು.

ಪುಸ್ತಕದ ಸರಕು ಬೇಗ ಮುಗಿಯಿತು. ಇನ್ನೂರು ಚಿಲ್ಲರೆ ಪುಟ 94 ಕಂತಿಗೆ ಎಲ್ಲಿ ಸಾಕು? ಡ್ಯಾರನ್ ಸ್ಟಾರ್ ನಂತರ ಮೈಕಲ್ ಪ್ಯಾಟ್ರಿಕ್ ಕಿಂಗ್ ಜವಾಬ್ದಾರಿ ಹೊತ್ತರು. ಜೆನ್ನಿ ಬಿಕ್ಸ್, ಸಿಂಡಿ ಚುಪಾಕ್ ಮುಂತಾದ ಬರಹಗಾರ್ತಿಯರು ತಮ್ಮ ಮತ್ತು ತಮ್ಮ ಗೆಳತಿಯರ ಬದುಕಿನಲ್ಲಿ ನಿಜವಾಗಿ ನಡೆದದ್ದನ್ನು ತಂದರು. ಹಾಗೆ ನೋಡಿದರೆ ಪುಸ್ತಕ ಬಿಟ್ಟ ಮೇಲೂ ಪುಸ್ತಕದ ವಿಧಾನ ಉಳಿಯಿತು. ನಿಜದಿಂದ ಎತ್ತಿಕೊಂಡು ಬರೆಯುವುದು. 2001ರಲ್ಲಿ ಅತ್ಯುತ್ತಮ ಹಾಸ್ಯ ಧಾರಾವಾಹಿಯ ಎಮ್ಮಿ ಪ್ರಶಸ್ತಿ ಇದಕ್ಕೆ ಬಂತು. ಕೇಬಲ್ ವಾಹಿನಿಯ ಧಾರಾವಾಹಿಯೊಂದು ಆ ಪ್ರಶಸ್ತಿ ಪಡೆದದ್ದು ಅದೇ ಮೊದಲು.

ಹೆಸರಿಲ್ಲದ ಗಂಡಸು

ಮಿಸ್ಟರ್ ಬಿಗ್. ಕ್ಯಾರಿಯ ಪ್ರಿಯಕರನ ಈ ಅಡ್ಡಹೆಸರು ಎರಡರಲ್ಲೂ ಇದೆ, ಆದರೆ ಅದರ ಕೆಲಸ ಬೇರೆ.

ಅಂಕಣದಲ್ಲಿ ಅಡ್ಡಹೆಸರು ಅಂದರೆ ಮುಸುಕು. ಆ ಪತ್ರಿಕೆ ಓದುತ್ತಿದ್ದವರೇ ಅದರಲ್ಲಿ ಬರೆಸಿಕೊಳ್ಳುತ್ತಿದ್ದವರು. ಹೆಸರು ಹಾಕಿದರೆ ಜಗಳ, ಕೋರ್ಟು. ಹಾಕದಿದ್ದರೆ ಊರೆಲ್ಲ ಊಹೆ. ಬುಶ್ನೆಲ್ ಆಗ ಜೊತೆಗಿದ್ದದ್ದು 'ವೋಗ್' ಪತ್ರಿಕೆಯ ಪ್ರಕಾಶಕರೊಬ್ಬರ ಜೊತೆ, ಬಿಗ್‌ಗೆ ಅವರೇ ಮಾದರಿ. ಹಣ, ಅಧಿಕಾರ, ದುಬಾರಿ ಸಿಗಾರ್ ಇರುವ ಇಂಥ ಗಂಡಸರು ಆ ಊರಿನಲ್ಲಿ ಒಂದು ಬಗೆ. ಅವರ ಪೈಕಿ ಇವನೊಬ್ಬ, ಅಷ್ಟೇ.

ಟಿವಿಯಲ್ಲಿ ಮುಚ್ಚಿಡಲು ಯಾರೂ ಇಲ್ಲ, ಪಾತ್ರ ಕಲ್ಪನೆಯದ್ದು. ಆದರೂ ಹೆಸರು ಮುಚ್ಚಿಟ್ಟರು. ಆಗ ಮುಸುಕು ಗುಟ್ಟಾಯಿತು. ಬಿಗ್ ಪಾತ್ರದ ಕ್ರಿಸ್ ನಾತ್ ನಗುತ್ತಾ ಕಾರಿನ ಕಿಟಕಿ ಇಳಿಸಿದಾಗಲೆಲ್ಲ ಪ್ರೇಕ್ಷಕರಿಗೆ ಅದೇ ಪ್ರಶ್ನೆ: ಇವನನ್ನು ಪೂರ್ತಿ ತಿಳಿಯಲು ಆಗುತ್ತದೆಯೇ? ಒಂದು ಬಗೆಯ ಗಂಡಸು ಆಗಿದ್ದವನು ಒಬ್ಬನೇ ಗಂಡಸಾದ. ಕಥೆ ಆರು ವರ್ಷ ಅವನ ಸುತ್ತ ಸುತ್ತಿದ್ದಕ್ಕೆ ಇದೂ ಒಂದು ಕಾರಣ. ನನಗೆ ಇದು ಅಷ್ಟು ಇಷ್ಟವಾಗುವುದಿಲ್ಲ. ಪುಸ್ತಕದ ಬಿಗ್ ಹೆಚ್ಚು ನಂಬುವ ಹಾಗಿದ್ದಾನೆ. ಅವನು ಒಗಟಲ್ಲ, ಸುಮ್ನೆ ತನ್ನ ಅನುಕೂಲ ನೋಡಿಕೊಳ್ಳುವ ಮನುಷ್ಯ.

ಮನೆ, ಚಪ್ಪಲಿ, ಉಂಗುರ

ಪುಸ್ತಕದ ಶುರುವಿನಲ್ಲಿ ಒಂದು ಶ್ಲೇಷೆ ಇದೆ: ಮನ್ಮಥ ಕೋ-ಆಪ್ ಬಿಟ್ಟು ಹಾರಿಹೋಗಿದ್ದಾನೆ ಅಂತ. ಇಂಗ್ಲಿಷಿನಲ್ಲಿ ಕೋಳಿಗೂಡಿಗೆ ಹೇಳುವ ಪದಕ್ಕೂ ಇದಕ್ಕೂ ಕಾಗುಣಿತ ಹತ್ತಿರ. ನ್ಯೂಯಾರ್ಕಿನಲ್ಲಿ ಕೋ-ಆಪ್ ಅಂದರೆ ಸಹಕಾರಿ ಪದ್ಧತಿಯ ಕಟ್ಟಡ. ಮನೆ ಕೊಳ್ಳುವವರು ಕಟ್ಟಡದ ಸಂಘದಲ್ಲಿ ಪಾಲು ಕೊಳ್ಳಬೇಕು, ಸಂಘ ಒಪ್ಪಬೇಕು. ಪ್ರೀತಿಯ ಮಾತಿನಲ್ಲೂ ಆಸ್ತಿಯ ಮಾತು ಬರುವುದು ಈ ಪುಸ್ತಕದ ಗುಣ.

ಧಾರಾವಾಹಿಯ ನಾಲ್ಕನೇ ಸೀಸನ್ನಿನಲ್ಲಿ ಇದೇ ವಿಷಯ ಎಷ್ಟು ಬೇರೆಯಾಗಿ ಬರುತ್ತದೆ ನೋಡಿ. ಕ್ಯಾರಿ ಬಾಡಿಗೆಗಿರುವ ಕಟ್ಟಡ ಕೋ-ಆಪ್ ಆಗುತ್ತಿದೆ. ಮದುವೆಯಾಗಬೇಕಿದ್ದ ಏಡನ್ ಅವಳ ಮನೆಯನ್ನು ಕೊಂಡಿದ್ದಾನೆ. ಮದುವೆ ಮುರಿಯುತ್ತದೆ. ಈಗ ಅವಳು ಮನೆ ಕೊಳ್ಳಬೇಕು, ಇಲ್ಲವೇ ಬಿಡಬೇಕು. ಬ್ಯಾಂಕಿನಲ್ಲಿ ಹಣ ಇಲ್ಲ. ಚಪ್ಪಲಿ ಅಂಗಡಿಯಲ್ಲಿ ಕೂತು ಮಿರಾಂಡಾ ಲೆಕ್ಕ ಹಾಕುತ್ತಾಳೆ: ನೂರು ಜೊತೆ ಚಪ್ಪಲಿ, ಒಂದೊಂದು ಜೊತೆಗೆ 400 ಡಾಲರ್. ಒಟ್ಟು 40,000 ಡಾಲರ್. ಮನೆಯ ಮುಂಗಡ ಹಣ ಅವಳ ಕಪಾಟಿನಲ್ಲೇ ಇದೆ, ಚಪ್ಪಲಿಗಳ ರೂಪದಲ್ಲಿ. ಈ ಧಾರಾವಾಹಿ ಚಪ್ಪಲಿಯನ್ನು ಮೆರೆಸಿದೆ ಅಂತ ದೂರುವವರು ಈ ಕಂತನ್ನು ಮರೆಯಬಾರದು.

ಬಿಗ್ ಚೆಕ್ ಬರೆದುಕೊಡುತ್ತಾನೆ. ಅವಳು ಹರಿದು ಹಾಕುತ್ತಾಳೆ. ಗೆಳತಿಯರಲ್ಲಿ ಅನುಕೂಲಸ್ಥೆ ಷಾರ್ಲೆಟ್, ಅವಳು ಮಾತ್ರ ಸಹಾಯದ ಮಾತೇ ಎತ್ತುವುದಿಲ್ಲ. ಕ್ಯಾರಿ ಅವಳ ಮನೆಗೇ ಹೋಗಿ ಕೇಳುತ್ತಾಳೆ, ನೀನೇಕೆ ಸುಮ್ಮನಿದ್ದೆ ಅಂತ. ನಿನ್ನ ಹಣಕಾಸು ಸರಿ ಮಾಡುವುದು ನನ್ನ ಕೆಲಸವೇ ಅಂತ ಷಾರ್ಲೆಟ್ ತಿರುಗಿ ಕೇಳುತ್ತಾಳೆ. ಗೆಳತಿಯರ ನಡುವೆ ಹಣದ ಮಾತು ಎಷ್ಟು ಸೂಕ್ಷ್ಮ ಅಂತ ಗೊತ್ತಿರುವವರಿಗೆ ಈ ಜಗಳ ಚುಚ್ಚುತ್ತದೆ. ಕೊನೆಗೆ ಷಾರ್ಲೆಟ್ ತನ್ನ ಮುರಿದ ಮದುವೆಯ ನಿಶ್ಚಿತಾರ್ಥದ ಉಂಗುರ ತೆಗೆದು ಕೊಡುತ್ತಾಳೆ, ಮುಂಗಡಕ್ಕೆ ಅಂತ. ಕ್ಯಾರಿ ಅದನ್ನು ಸಾಲವಾಗಿ ತೆಗೆದುಕೊಳ್ಳುತ್ತಾಳೆ.

ಒಬ್ಬ ಗಂಡಸು ಒಬ್ಬಳಿಗೆ ತೊಡಿಸಿದ ಉಂಗುರ, ಇನ್ನೊಬ್ಬಳ ತಲೆ ಮೇಲೆ ಸೂರಾಯಿತು. ಪುಸ್ತಕದಲ್ಲಿ ಇಂಥದ್ದು ನಡೆಯಲು ಸಾಧ್ಯವೇ ಇಲ್ಲ. ಅಲ್ಲಿ ಯಾರೂ ಯಾರಿಗೂ ಉಂಗುರ ಬಿಚ್ಚಿ ಕೊಡುವವರಲ್ಲ. ಹಾಗಂತ ಪುಸ್ತಕ ಸುಳ್ಳಲ್ಲ. ದೊಡ್ಡ ಊರಿನಲ್ಲಿ ಒಂಟಿಯಾಗಿ ಬದುಕಿದವರಿಗೆ ಎರಡೂ ಗೊತ್ತು. ನೂರು ಜನರ ಪಾರ್ಟಿಯಲ್ಲಿ ಯಾರಿಗೂ ಬೇಡವಾಗಿ ನಿಂತ ರಾತ್ರಿಯೂ ಗೊತ್ತು, ಮನೆ ಖಾಲಿ ಮಾಡುವ ದಿನ ಗೆಳತಿ ಆಟೋದಲ್ಲಿ ಡಬ್ಬ ಹೊತ್ತು ಬಂದದ್ದೂ ಗೊತ್ತು. ಪುಸ್ತಕ ಮೊದಲನೆಯದನ್ನು ಬರೆಯಿತು. ಟಿವಿ ಎರಡನೆಯದನ್ನು ಹುಡುಕಿಕೊಂಡಿತು.

ಧಾರಾವಾಹಿ ಕಳೆದುಕೊಂಡದ್ದೂ ಇದೆ. ಪುಸ್ತಕದಲ್ಲಿ ಹಣದ ವಾಸನೆ ಪ್ರತಿ ಪುಟದಲ್ಲೂ ಇದೆ. ಯಾರಿಗೆ ಎಷ್ಟು ಶಕ್ತಿ ಅಂತ ಓದುಗರು ಮರೆಯಲು ಆಗುವುದಿಲ್ಲ. ಟಿವಿಯಲ್ಲಿ ಊರು ಹೊಳೆಯತೊಡಗಿತು. ವಸ್ತ್ರವಿನ್ಯಾಸಕಿ ಪೆಟ್ರೀಷಿಯಾ ಫೀಲ್ಡ್ ತೊಡಿಸಿದ ಬಟ್ಟೆಗಳು ನೋಡಲು ಹಬ್ಬ, ನಿಜ. ಆದರೆ ವಾರಕ್ಕೊಂದು ಅಂಕಣ ಬರೆಯುವವಳು ಅವನ್ನು ಹೇಗೆ ಕೊಂಡಳು ಅನ್ನುವುದನ್ನು ನಾಲ್ಕನೇ ಸೀಸನ್ನಿನವರೆಗೆ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಇನ್ನೊಂದು ದೊಡ್ಡ ಕೊರತೆ: ಜಗತ್ತಿನ ಎಲ್ಲ ಜನರೂ ಬಂದು ಸೇರಿದ ಊರಿನ ಕಥೆಯಲ್ಲಿ ಮುಖ್ಯ ಪಾತ್ರಗಳೆಲ್ಲ ಬಿಳಿಯರೇ. ಪುಸ್ತಕ ಒಂದು ಚಿಕ್ಕ ಸಿರಿವಂತ ವರ್ಗದ ವರದಿ, ಅದು ಹಾಗೆಂದೇ ಹೇಳಿಕೊಂಡಿತ್ತು. ಧಾರಾವಾಹಿ ಎಲ್ಲ ಒಂಟಿ ಹೆಂಗಸರ ಪರವಾಗಿ ಮಾತಾಡುವ ಹಾಗೆ ಕಂಡಿತು. ಹಾಗಾಗಿ ಅದರ ಕೊರತೆ ಹೆಚ್ಚು ನೋಯಿಸಿತು.

ಎರಡು ಕೊನೆ

ಅಂಕಣ ಯಾವ ವಾರ ಬೇಕಾದರೂ ನಿಲ್ಲಬಹುದು. ಬುಶ್ನೆಲ್ ಪುಸ್ತಕದ ಕೊನೆಗೆ ಒಂದು ಪುಟ್ಟ ಟಿಪ್ಪಣಿ ಸೇರಿಸಿದ್ದಾರೆ. ಯಾರು ಏನಾದರು ಅಂತ. ಅದರ ಕೊನೆಯ ಎರಡು ಸಾಲಿನ ಅರ್ಥ ಇಷ್ಟು: ಮಿಸ್ಟರ್ ಬಿಗ್ ಮದುವೆಯಾಗಿ ಸುಖವಾಗಿದ್ದಾನೆ. ಕ್ಯಾರಿ ಒಂಟಿಯಾಗಿ ಸುಖವಾಗಿದ್ದಾಳೆ. ಮುಗಿಯಿತು. ಅಳು ಇಲ್ಲ, ವಿವರಣೆ ಇಲ್ಲ.

ಆರು ವರ್ಷ ಜೊತೆಗಿದ್ದ ಪ್ರೇಕ್ಷಕರನ್ನು ಧಾರಾವಾಹಿ ಹಾಗೆ ಎರಡು ಸಾಲಿನಲ್ಲಿ ಬೀಳ್ಕೊಡಲು ಆಗುವುದಿಲ್ಲ. ಕ್ಯಾರಿ ಪ್ಯಾರಿಸ್‌ನಲ್ಲಿದ್ದಾಳೆ, ಮಿಖಾಯಿಲ್ ಬರಿಷ್ನಿಕೋವ್ ಅಭಿನಯಿಸಿದ ರಷ್ಯನ್ ಕಲಾವಿದನ ಜೊತೆ, ಒಂಟಿಯಾಗಿ. ಬಿಗ್ ಅವಳನ್ನು ಹುಡುಕಿಕೊಂಡು ಹೋಗಿ ನ್ಯೂಯಾರ್ಕಿಗೆ ಕರೆತರುತ್ತಾನೆ. ಇಬ್ಬರೂ ಒಂದಾಗುತ್ತಾರೆ. ನಿಜ ಬದುಕಿನಲ್ಲಿ ಇವರಿಬ್ಬರು ಒಂದಾಗುತ್ತಿರಲಿಲ್ಲ ಅಂತ ಬುಶ್ನೆಲ್ ಹೇಳಿದ್ದಾರೆ. ಡ್ಯಾರನ್ ಸ್ಟಾರ್ ಕೂಡ 2016ರಲ್ಲಿ, ಮದುವೆಯಿಂದಲೇ ಹೆಣ್ಣಿಗೆ ಸುಖ ಅಲ್ಲ ಅನ್ನುವ ತನ್ನ ಮೂಲ ಮಾತಿಗೆ ಧಾರಾವಾಹಿ ಕೊನೆಯಲ್ಲಿ ದ್ರೋಹ ಮಾಡಿತು ಅನ್ನುವ ಅರ್ಥದಲ್ಲಿ ಮಾತಾಡಿದರು. ಬರೆದವರೂ, ಟಿವಿಗೆ ತಂದವರೂ ಇಬ್ಬರೂ ಆ ಕೊನೆಯನ್ನು ಪೂರ್ತಿ ಒಪ್ಪಲಿಲ್ಲ.

ನಾನು ಅವರ ಮಾತನ್ನು ಅರ್ಧ ಒಪ್ಪುತ್ತೇನೆ. ಅರ್ಧ ಯಾಕೆಂದರೆ, ಬಿಗ್ ಪ್ಯಾರಿಸ್‌ಗೆ ಹೋಗುವ ಮುಂಚೆ ಒಂದು ದೃಶ್ಯ ಇದೆ. ಅವನು ಆ ಕಾಫಿ ಅಂಗಡಿಗೆ ಬರುತ್ತಾನೆ. ಮೇಜಿನ ಸುತ್ತ ಮೂವರು, ನಾಲ್ಕನೇ ಜಾಗ ಖಾಲಿ. ಅವನು ಅವರ ಮುಂದೆ ಕೂತು ಕೇಳುತ್ತಾನೆ, ನಾನು ಹೋಗಲೇ ಅಂತ. ಅವಳ ಬಾಳಿನ ನಿಜವಾದ ಪ್ರೀತಿ ನೀವು ಮೂವರು, ನಾಲ್ಕನೆಯವನಾಗಿ ಜಾಗ ಸಿಕ್ಕರೆ ಅದೇ ಅದೃಷ್ಟ ಅನ್ನುವ ಅರ್ಥದ ಮಾತಾಡುತ್ತಾನೆ. ನಮ್ಮ ಹುಡುಗಿಯನ್ನು ಕರೆದುಕೊಂಡು ಬಾ ಅನ್ನುತ್ತಾಳೆ ಮಿರಾಂಡಾ. ಆ ಏಳು ಹೆಂಗಸರ ಮಧ್ಯಾಹ್ನದಲ್ಲಿ ಗಂಡಸಿನ ಖಾಲಿ ಕುರ್ಚಿ ನಡುವೆ ಇತ್ತು, ಹೆಂಗಸರು ಸುತ್ತ ಇದ್ದರು. ಇಲ್ಲಿ ಖಾಲಿ ಕುರ್ಚಿ ಗೆಳತಿಯದ್ದು, ಗಂಡಸು ಬಂದು ಅಪ್ಪಣೆ ಕೇಳುತ್ತಿದ್ದಾನೆ.

ಇನ್ನು ಕೊನೆಯ ದೃಶ್ಯ. ಕ್ಯಾರಿ ನ್ಯೂಯಾರ್ಕಿನ ಬೀದಿಯಲ್ಲಿ ನಡೆದು ಬರುತ್ತಿದ್ದಾಳೆ. ಫೋನ್ ರಿಂಗಾಗುತ್ತದೆ. ಪರದೆಯ ಮೇಲೆ 'ಜಾನ್' ಅಂತ ಹೆಸರು. ಆರು ವರ್ಷ ಮುಚ್ಚಿಟ್ಟ ಹೆಸರು ಎಷ್ಟು ಮಾಮೂಲಿ! ಅವಳು ಮಾತಾಡುತ್ತಾ ಮುಂದೆ ನಡೆಯುತ್ತಾಳೆ, ಜನರ ನಡುವೆ. ಪಕ್ಕದಲ್ಲಿ ಅವನಿಲ್ಲ.